ಅಪ್ಪನ ಗುಳಿಗಿ ಭಾಳ ಆಗ್ಯಾವ, ಎಲ್ಲಾ ಒಮ್ಮೆಗೆ ಯಾರಿಗೆ ತೋರಸ್ಬೇಕ್ರಿ?

ನವನಗರ_ಮಗಳು:
ಎಲ್ಲಾರಿಗೂ ನಮಸ್ಕಾರ್ರಿ. ನಾ ಹುಬ್ಬಳ್ಳಿ ನವನಗರದಾಗ ಇರ್ತೀನಿ, ಅಪ್ಪ ಅವ್ವ ಬೆಟಗೇರಿಯೊಳಗ. ಅಪ್ಪಗ ಈಗ 76. ಬಿಪಿ, ಶುಗರ್ ಹಳೇವು, ಮೂರು ವರ್ಷದ ಹಿಂದ ಹಾರ್ಟಿಗೆ ಸ್ಟೆಂಟ್ ಹಾಕ್ಯಾರ. ಶುಗರಿಗೆ ಗದಗಿನ್ಯಾಗ ಒಬ್ಬ ಡಾಕ್ಟರ್, ಹಾರ್ಟಿಗೆ ಹುಬ್ಬಳ್ಳ್ಯಾಗ ಒಬ್ಬರು, ಮೊಣಕಾಲಿಗೆ ಎಲುಬಿನ ಡಾಕ್ಟರ್ ಬ್ಯಾರೆ, ಪ್ರಾಸ್ಟೇಟಿಗೆ ಬ್ಯಾರೆ, ನಡಬರಕ ನೆಗಡಿ ಜ್ವರ ಚಕ್ಕರ್ ಅಂದ್ರ ಓಣ್ಯಾಗಿನ ಡಾಕ್ಟರ್. ಒಬ್ಬರು ಬರದದ್ದನ್ನ ಇನ್ನೊಬ್ಬರು ಮುಟ್ಟೂದಿಲ್ರಿ, ಕೇಳಿದ್ರ ಅದು ಹಂಗ ಕಂಟಿನ್ಯೂ ಇರ್ಲಿ ಇದನ್ನ ಸೇರಿಸ್ರಿ ಅಂತಾರ.

ಈಗ ನಡದಿರೋವು ಇವು: ಟೆಲ್ಮಿಸಾರ್ಟನ್ 40 ಆಮ್ಲೋಡಿಪಿನ್ 5 ಕೂಡಿದ್ದು ಒಂದು, ಮೆಟೊಪ್ರೊಲಾಲ್ 50, ಆಸ್ಪಿರಿನ್ ಅಟೋರ್ವಾಸ್ಟಾಟಿನ್ ಕೂಡಿದ ಕ್ಯಾಪ್ಸೂಲ್, ಕ್ಲೊಪಿಡೊಗ್ರೆಲ್, ಗ್ಲಿಮೆಪಿರೈಡ್ ಮೆಟ್‌ಫಾರ್ಮಿನ್ ಕೂಡಿದ್ದು ದಿನಾ ಎರಡು ಸಲ, ಮುಂಜಾನೆ ಖಾಲಿ ಹೊಟ್ಟಿಗೆ ರಾಬೆಪ್ರಜೋಲ್ ಲೆವೊಸಲ್ಪಿರೈಡ್ ಕ್ಯಾಪ್ಸೂಲ್, ಕಾಲು ಬಾವಿಗೆ ಫ್ಯುರೋಸೆಮೈಡ್, ಚಕ್ಕರಿಗೆ ಸಿನ್ನರಿಜಿನ್, ಮೊಣಕಾಲ ನೋವಿಗೆ ಅಸೆಕ್ಲೊಫೆನಾಕ್, ರಾತ್ರಿ ಟ್ಯಾಮ್ಸುಲೋಸಿನ್, ನಿದ್ದಿಗೆ ಕ್ಲೊನಾಜೆಪಾಮ್, ಮ್ಯಾಲೆ ಕ್ಯಾಲ್ಸಿಯಂ. ಇದರ ಜೋಡಿ ಹಳೇ ಚೀಟಿಯೊಳಗಿನ ಆಮ್ಲೋಡಿಪಿನ್ 5 ಬ್ಯಾರೆ ಹೆಸರಿಂದು ಒಂದು ಪಟ್ಟಿನೂ ಡಬ್ಬಿಯೊಳಗ ಐತಿ, ಅದನ್ನೂ ನುಂಗ್ತಾರ ಅಂತ ಮೊನ್ನೆ ಗೊತ್ತಾತು.

ದೀಪಾವಳಿ ಆದಮ್ಯಾಲಿಂದ ಕೈ ನಡಗ್ತಾವ, ಕಾಲು ಎತ್ತಿ ಇಡೂದಿಲ್ಲ, ಎಳಕೋಂತ ಸಣ್ಣ ಸಣ್ಣ ಹೆಜ್ಜಿ. ಎದ್ದು ನಿಂತ್ರ ತಲಿ ತಿರಗತೈತಿ. ಹೋದ ತಿಂಗಳ ರಾತ್ರಿ ಬಚ್ಚಲಕ ಹೋಗಿ ಬಿದ್ರು, ದೇವರ ದಯೆ ಎಲುಬು ಮುರೀಲಿಲ್ಲ. ತಮ್ಮ ಅಂತಾನ ಗುಳಿಗಿ ತಿಂದs ಹಿಂಗಾಗೈತಿ ಎಲ್ಲಾ ಬಂದ್ ಮಾಡಿಬಿಡೋಣು ಅಂತ, ಅವ್ವ ಅಂತಾಳ ಡಾಕ್ಟರ್ ಬರದಾರ ಅಂದಮ್ಯಾಲೆ ನಾವ್ಯಾರು ಬಿಡಾಕ ಅಂತ. ನನಗ ಇಬ್ಬರ ಮಾತೂ ಒಪ್ಪಾಕ ಆಗವಲ್ದು. ಇಷ್ಟೂ ಗುಳಿಗಿ ಒಂದ ಕಡೆ ಇಟ್ಟು ನೋಡಿ ಇದು ಬೇಕು ಇದು ಬ್ಯಾಡ ಅನ್ನವರು ಯಾರ್ರಿ? ಅದಕ ಯಾವ ಡಾಕ್ಟರ್ ಕಡೆ ಹೋಗ್ಬೇಕು?

ಬ್ಯಾಡಗಿ_ಮೆಣಸಿನಕಾಯಿ:
ಅಕ್ಕಾರ, ನಿಮ್ಮ ಲಿಸ್ಟಿನ್ಯಾಗ ಎರಡು ಹೆಸರು ಓದಿ ನನಗ ನಮ್ಮ ದೊಡ್ಡವ್ವನ ನೆನಪಾತು. ಲೆವೊಸಲ್ಪಿರೈಡ್ ಮತ್ತ ಸಿನ್ನರಿಜಿನ್. ಅಕಿಗೂ ಗ್ಯಾಸ್ ಅಂತ ಮೊದಲನೇದು ಕೊಟ್ಟಿದ್ರು, ಅದನ್ನ ಅಂಗಡ್ಯಾಗ ಹಳೇ ಪಟ್ಟಿ ತೋರ್ಸಿ ತೋರ್ಸಿ ವರ್ಷಾನುಗಟ್ಲೆ ತೊಗೊಂಡ್ಲು, ಆಮ್ಯಾಲೆ ಕೈ ನಡಗಾಕ ಹತ್ತಿದ್ವು, ಮಾರಿಮ್ಯಾಲೆ ನಗಿ ಇಲ್ಲ ಏನಿಲ್ಲ ಕಟಗಿ ಆದಂಗ ಆತು, ಪಾರ್ಕಿನ್ಸನ್ ಅಂತ ಇನ್ನೊಂದು ಗುಳಿಗಿ ಶುರು ಆತು. ಕಡೀಕ ಹುಬ್ಬಳ್ಳ್ಯಾಗ ಒಬ್ಬ ನರದ ಡಾಕ್ಟರ್ ಏನೇನ್ ತಿಂತೀರಿ ಎಲ್ಲಾ ತೆಗೀರಿ ಅಂದ್ರು, ಪಿಶವಿ ಸುರವಿದ್ಮ್ಯಾಲೆ ಮೊದಲ ಕೈ ಹಾಕಿದ್ದು ಆ ಗ್ಯಾಸಿನ ಕ್ಯಾಪ್ಸೂಲಿಗೇ. ಅದು ಬಿಟ್ಟ ಕೂಡ್ಲೆ ಏನೂ ಆಗ್ಲಿಲ್ಲ ಮತ್ತ, ನಡಗೋದು ಇಳ್ಯಾಕ ತಿಂಗಳುಗಟ್ಲೆ ಹಿಡೀತು. ಆದ್ರ ಇಳೀತು. ಈಗ ರೊಟ್ಟಿ ತಾನs ಬಡೀತಾಳ.

ನಿಮ್ಮ ಅಪ್ಪಾರದೂ ಅದs ಅಂತ ನಾ ಹೇಳಾಕತ್ತಿಲ್ಲ, ಕೇಳ್ರಿ ಅಷ್ಟ. ಮತ್ತ ಹೋಗೋವಾಗ ಚೀಟಿ ಅಷ್ಟ ಒಯ್ಯಬ್ಯಾಡ್ರಿ, ಮನ್ಯಾಗ ಇರೋ ಪಟ್ಟಿ, ಬಾಟ್ಲಿ, ಹಚ್ಚೋ ಮುಲಾಮು, ಕಣ್ಣಿಗೆ ಹಾಕೋ ಹನಿ, ಎಲ್ಲಾ ಒಂದು ಪಿಶವಿಯೊಳಗ ತುಂಬ್ಕೊಂಡು ಹೋಗ್ರಿ. ಚೀಟ್ಯಾಗ ಇರೋದು ಒಂದು, ಹೊಟ್ಯಾಗ ಹೋಗೋದು ಇನ್ನೊಂದು ಇರತೈತಿ.

ಸಾಧನಕೇರಿ_ಫಾರ್ಮಡಿ:
ನಾನು ಧಾರವಾಡದಾಗ ಕ್ಲಿನಿಕಲ್ ಫಾರ್ಮಸಿಸ್ಟ್. ಪೇಶಂಟ್ ನೋಡದs ಯಾವ ಗುಳಿಗಿ ಬಿಡ್ರಿ ಅಂತ ನಾ ಹೇಳೂದಿಲ್ಲ, ಹೇಳಬಾರದು. ಆದ್ರ ಡಾಕ್ಟರ್ ಮುಂದ ಕುಂತಾಗ ಏನೇನ್ ಕೇಳಬೇಕು ಅನ್ನೋದು ಹೇಳಬಲ್ಲೆ, ಸ್ವಲ್ಪ ಉದ್ದ ಆಗತೈತಿ ಸೈರಣೆ ಇರ್ಲಿ.

ಮೊದಲು ಆ ಎರಡನೇ ಆಮ್ಲೋಡಿಪಿನ್. ಇದಕ್ಕ ಅಪಾಯಿಂಟ್ಮೆಂಟ್ ಬರೂತನ ಕಾಯಬ್ಯಾಡ್ರಿ, ಬಿಪಿ ಗುಳಿಗಿ ಬರದ ಡಾಕ್ಟರಿಗೆ ಇವತ್ತೇ ಫೋನ್ ಹಚ್ಚಿ ಎರಡರಾಗ ಯಾವುದು ಇರಬೇಕು ಕೇಳ್ರಿ. ಕೂಡಿದ ಗುಳಿಗಿಯೊಳಗ 5, ಬಿಡಿ 5, ಅಂದ್ರ ದಿನಾ 10 ಎಂಜಿ ಹೊಂಟೈತಿ, ಅಷ್ಟು ಕೊಡಬೇಕಂತ ಯಾರೂ ಅಂದುಕೊಂಡಿರಲಿಕ್ಕಿಲ್ಲ. ನಮ್ಮಲ್ಲಿ ಒಂದ ಔಷಧಕ್ಕ ನೂರಾರು ಬ್ರ್ಯಾಂಡ್, ಅದಕ ಹೊರಗಿನ ದೊಡ್ಡ ಹೆಸರು ಬಿಟ್ಟು ಪಟ್ಟಿ ಹಿಂದ ಸಣ್ಣ ಅಕ್ಷರದಾಗ ಇರೋ ಔಷಧದ ಹೆಸರು ಓದೋ ರೂಢಿ ಮಾಡ್ಕೋರಿ. ಜನೌಷಧಿ ಅಂಗಡಿಗೆ ಬದಲಾಯಿಸಿದಾಗಂತೂ ಇದು ಭಾಳ ಆಗತೈತಿ, ಔಷಧ ಅದ ಇರತೈತಿ ಕಡಿಮಿ ರೇಟಿಗೆ, ಹೊಸಾದು ಅನ್ಕೊಂಡು ಹಳೇದರ ಜೋಡಿ ಎರಡೂ ನುಂಗ್ತಾರ.

ಈಗ ಆ ಕಾಲು ಬಾವು ನೋಡ್ರಿ. ಆಮ್ಲೋಡಿಪಿನ್ ಕೆಲವರಿಗೆ ಕಾಲಿನ ಹರಡು ಬಾವಿಸತೈತಿ, ಡೋಸ್ ಹೆಚ್ಚಾದಂಗ ಜಾಸ್ತಿ. ಅದು ಮೈಯಾಗ ನೀರು ಹೆಚ್ಚಾಗಿ ಬಂದ ಬಾವು ಅಲ್ಲ, ಸಣ್ಣ ರಕ್ತನಾಳ ಸಡಿಲಾಗಿ ನೀರು ಜಿನಗಿ ಬಂದದ್ದು, ಅದಕ ಉಚ್ಚಿ ಹೋಗೋ ಗುಳಿಗಿ ಕೊಟ್ರ ಬಾವು ಅಷ್ಟೇನೂ ಇಳಿಯೂದಿಲ್ಲ. ಇಳಿಯೋದು ಮೈಯಾಗಿನ ನೀರು, ಉಪ್ಪು, ಪೊಟ್ಯಾಶಿಯಂ. ಆಮ್ಯಾಲೆ ನಿಂತ್ರ ಚಕ್ಕರ್. ಚಕ್ಕರಿಗೆ ಸಿನ್ನರಿಜಿನ್. ಸಿನ್ನರಿಜಿನ್‌ಗೆ ಕೈ ನಡುಗು. ಒಂದು ಗುಳಿಗಿ ತ್ರಾಸನ್ನ ಹೊಸಾ ಬ್ಯಾನಿ ಅಂತ ತಿಳದು ಇನ್ನೊಂದು ಗುಳಿಗಿ ಬರಿಯೋದಕ್ಕ ನಾವು ಪ್ರಿಸ್ಕ್ರೈಬಿಂಗ್ ಕ್ಯಾಸ್ಕೇಡ್ ಅಂತೀವಿ, ನಿಮ್ಮ ಲಿಸ್ಟ್ ನೋಡಿದ್ರ ಈ ಸಾಲು ಇರಬಹುದು ಅಂತ ನನಗ ಭಾಳ ಅನಸ್ತೈತಿ. ಬ್ಯಾಡಗಿಯವರು ಹೇಳಿದ್ದು ಖರೇ, ಲೆವೊಸಲ್ಪಿರೈಡ್ ಸಿನ್ನರಿಜಿನ್ ಎರಡೂ ಮೆದುಳಿನ್ಯಾಗ ಕೈಕಾಲಿನ ಚಲನೆ ಹಿಡಿತದಾಗ ಇಡೋ ಡೋಪಮಿನ್ ಅನ್ನೋ ರಾಸಾಯನಿಕದ ಕೆಲಸ ತಡೀತಾವ, ವಯಸ್ಸಾದವರೊಳಗ ಪಾರ್ಕಿನ್ಸನ್ ತರಹದ್ದs ನಡುಗು, ಬಿಗುವು ತರ್ತಾವ. ಎರಡೂ ಕೂಡಿ ಒಬ್ಬರಿಗೆ ನಡದಾವ ಅಂದ್ರ ಅದನ್ನ ಡಾಕ್ಟರಿಗೆ ಎದ್ದು ಕಾಣೂಹಂಗ ಹೇಳ್ರಿ. ಆದ್ರ ಬಾವಿಗೆ ಹಾರ್ಟ್, ಕಿಡ್ನಿನೂ ಕಾರಣ ಇರಬಹುದು, ಸ್ಟೆಂಟ್ ಆದವರು ಬ್ಯಾರೆ, ಫ್ಯುರೋಸೆಮೈಡ್ ಹಾರ್ಟ್ ವೀಕ್ ಅಂತಾನೂ ಕೊಟ್ಟಿರಬಹುದು. ಎಕೋ (ಹಾರ್ಟಿನ ಸ್ಕ್ಯಾನ್) ರಿಪೋರ್ಟ್ ಒಯ್ಯಿರಿ.

ಇನ್ನೊಂದು ನನಗ ಚಿಂತಿ ಆಗಿದ್ದು, ಟೆಲ್ಮಿಸಾರ್ಟನ್, ಫ್ಯುರೋಸೆಮೈಡ್, ಅಸೆಕ್ಲೊಫೆನಾಕ್ ಮೂರೂ ಕೂಡಿರೋದು. ಬಿಪಿದು, ಉಚ್ಚಿದು, ನೋವಿಂದು, ಈ ಮೂರು ಜೋಡಿ ಆದ್ರ ಕಿಡ್ನಿಗೆ ಹೊಡೆತ, ಅದೂ ಬ್ಯಾಸಗಿಯೊಳಗ ನೀರು ಕಡಿಮಿ ಕುಡದಾಗ ಇಲ್ಲಾ ವಾಂತಿ ಭೇದಿ ಆದಾಗ. ಮತ್ತ ಆಸ್ಪಿರಿನ್ ಕ್ಲೊಪಿಡೊಗ್ರೆಲ್ ಮ್ಯಾಲೆ ನೋವಿನ ಗುಳಿಗಿ ಅಂದ್ರ ಹೊಟ್ಯಾಗ ರಕ್ತಸ್ರಾವದ ಭಯ. ನೋವಿಗೆ ಬರೇ ಪ್ಯಾರಾಸಿಟಮಾಲ್, ಹಚ್ಚೋ ಜೆಲ್, ಕಾಲಿನ ಕಸರತ್ತು ನಡೀತಾವೇನು ಅಂತ ಕೇಳ್ರಿ. ರಕ್ತ ಪರೀಕ್ಷೆಯೊಳಗ ಕ್ರಿಯಾಟಿನಿನ್ ನಾರ್ಮಲ್ ಬಂತು ಅಂತ ಸುಮ್ಮನಾಗಬ್ಯಾಡ್ರಿ, ವಯಸ್ಸಾದವರಿಗೆ ಮಾಂಸಖಂಡ ಕಡಿಮಿ ಇರೋದಕ್ಕ ಕಿಡ್ನಿ ಸೋತಿದ್ರೂ ಆ ನಂಬರ್ ಚೊಲೋನೇ ಕಾಣಸ್ತೈತಿ. ಇಜಿಎಫ್ಆರ್, ಅಂದ್ರ ಕಿಡ್ನಿ ಎಷ್ಟು ಸೋಸತೈತಿ ಅನ್ನೋ ಅಂದಾಜಿನ ನಂಬರ್, ಎಷ್ಟು ಕೇಳ್ರಿ. ಮೆಟ್‌ಫಾರ್ಮಿನ್ ಡೋಸ್ ಆ ನಂಬರ್ 45ರ ಕೆಳಗ ಇಳದ್ರ ಕಡಿಮಿ ಮಾಡಬೇಕಾಗತೈತಿ, 30ರ ಕೆಳಗ ಬಂದ್.

ಶುಗರಿನ ಮಾತು. ಗ್ಲಿಮೆಪಿರೈಡ್ ಶುಗರ್ ಲೋ ಮಾಡತೈತಿ, ಊಟ ಒಂದು ಹೊತ್ತು ತಪ್ಪಿದ್ರ ಸಾಕು. ಮೆಟೊಪ್ರೊಲಾಲ್ ತೊಗೊಳೋವರಿಗೆ ಲೋ ಆದಾಗ ಎದಿ ಡವಡವ ಅನ್ನೋದು, ಕೈ ನಡಗೋದು ಕಾಣದs ಹೋಗಬಹುದು, ಬೆವರು ಮಾತ್ರ ಬರತೈತಿ. ರಾತ್ರಿ ಎದ್ದಾಗ ಅಂಗಿ ತೊಯ್ದಿರತೈತೇನು ಅಂತ ನಿಮ್ಮ ಅವ್ವಾರನ್ನ ಕೇಳ್ರಿ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 6.5 ಬಂದೈತಿ ಅಂತ ಖುಷಿ ಪಡೋ ವಯಸ್ಸಲ್ಲ ಇದು, ಹಾರ್ಟು ಗೀರ್ಟು ನಾಕು ತೊಂದ್ರಿ ಇರೋ ಹಿರಿಯರಿಗೆ 8ರ ಒಳಗ ಇದ್ರ ಸಾಕು ಅಂತ ಅಮೆರಿಕದ ಡಯಾಬಿಟಿಸ್ ಸಂಘದ ಗೈಡ್‌ಲೈನ್ಸೇ ಹೇಳತೈತಿ.

ಕ್ಲೊನಾಜೆಪಾಮ್, ಟ್ಯಾಮ್ಸುಲೋಸಿನ್ ಎರಡೂ ರಾತ್ರಿ, ಅವರು ಬಿದ್ದದ್ದೂ ರಾತ್ರಿ. ಒಂದಕ್ಕ ಮಂಪರು, ಇನ್ನೊಂದಕ್ಕ ನಿಂತ ಕೂಡ್ಲೆ ಬಿಪಿ ಇಳಿಯೋದು.

ಇದನ್ನೆಲ್ಲಾ ನಾವು ಹೊಸದಾಗಿ ಕಂಡುಹಿಡದದ್ದಲ್ಲ. ಅಮೆರಿಕದಾಗ ಮಾರ್ಕ್ ಬಿಯರ್ಸ್ ಅನ್ನೋ ಡಾಕ್ಟರ್ 1991ರಾಗ ವಯಸ್ಸಾದವರಿಗೆ ಕೊಡಬಾರದ ಔಷಧಗಳ ಪಟ್ಟಿ ಮಾಡಿದ್ರು, ಬಿಯರ್ಸ್ ಕ್ರೈಟೀರಿಯಾ ಅಂತಾರ, 2023ರಾಗ ಮತ್ತ ತಿದ್ದ್ಯಾರ. ಐರ್ಲೆಂಡಿನವರದು 2008ರ ಸ್ಟಾಪ್-ಸ್ಟಾರ್ಟ್ ಪಟ್ಟಿ. ಇದರಾಗ ಸ್ಟಾರ್ಟ್ ಅನ್ನೋ ಭಾಗ ನನಗ ಭಾಳ ಸೇರತೈತಿ, ಬೇಕಾದದ್ದು ಕೊಡದs ಬಿಟ್ಟೀವೇನು ಅಂತಾನೂ ನೋಡ್ರಿ ಅಂತ ಅದು. ಈಗ ನಿಮ್ಮ ಅಪ್ಪಾರs, ಮೆಟ್‌ಫಾರ್ಮಿನ್ ಮತ್ತ ಆ್ಯಸಿಡ್ ಗುಳಿಗಿ ಎರಡೂ ವರ್ಷಗಟ್ಲೆ ತಿಂದಾರ, ಎರಡಕ್ಕೂ ಬಿ12 ಇಳೀತೈತಿ, ಅದು ಯಾರರ ಚೆಕ್ ಮಾಡ್ಯಾರೇನು?

ಹಳೇಹುಬ್ಬಳ್ಳಿ_ಹುಡುಗ:
ಇಷ್ಟು ಗುಳಿಗಿ ತಿಂದ್ರ ಗಟ್ಟಿ ಮನಿಷಾನೂ ಬೀಳ್ತಾನ. ಎಲ್ಲಾ ಒಗದು ಆಯುರ್ವೇದಿಕ್ ಮಾಡ್ರಿ, ನಮ್ಮ ಕಾಕಾಗ ಮೊಣಕಾಲಿಗೆ ಒಬ್ಬರು ಪುಡಿ ಕೊಟ್ಟಾರ, ಎರಡ ದಿನದಾಗ ಓಡಾಡಾಕ ಹತ್ತ್ಯಾನ, ಸೈಡ್ ಎಫೆಕ್ಟ್ ಇಲ್ಲ ಏನಿಲ್ಲ.

ಸಾಧನಕೇರಿ_ಫಾರ್ಮಡಿ:
ಎರಡ ದಿನದಾಗ ಮೊಣಕಾಲ ನೋವು ಮಾಯ ಆಗೋ ಹೆಸರಿಲ್ಲದ ಪುಡಿಯೊಳಗ ಸ್ಟಿರಾಯ್ಡ್ ಕೂಡಿಸಿದ್ದು ಲ್ಯಾಬಿನ್ಯಾಗ ಸಿಕ್ಕ ಉದಾಹರಣೆ ಬೇಕಾದಷ್ಟು ಅದಾವ. ಕಾಕಾರ ಶುಗರ್ ಬಿಪಿ ಒಮ್ಮೆ ಚೆಕ್ ಮಾಡಸ್ರಿ, ಮಾರಿ ದುಂಡಗ ಆಗೈತೇನು ನೋಡ್ರಿ. ಮತ್ತ ಪುಡಿನೂ ಗಕ್ಕನೆ ಬಂದ್ ಮಾಡಬ್ಯಾಡ್ರಿ, ಸ್ಟಿರಾಯ್ಡ್ ಇದ್ರ ಹಂಗ ಬಿಡೋದೂ ಡೇಂಜರ್, ಡಾಕ್ಟರಿಗೆ ತೋರ್ಸಿ ಬಿಡಸ್ರಿ. ಲೇಬಲ್ ಇರೋ, ಕ್ವಾಲಿಫೈಡ್ ವೈದ್ಯರು ಕೊಟ್ಟ ಆಯುರ್ವೇದಿಕ್ ಔಷಧ ಆದ್ರ ಅದನ್ನೂ ಪಿಶವಿಯೊಳಗ ಹಾಕ್ಕೊಂಡು ಬರ್ರಿ, ಮುಚ್ಚಿಡಬ್ಯಾಡ್ರಿ, ಅಷ್ಟs ನಮ್ಮ ವಿನಂತಿ.

ನವನಗರ_ಮಗಳು:
ಸರ್ ಭಾಳ ಥ್ಯಾಂಕ್ಸ್, ಕಾಲು ಬಾವಿಂದ ಕೈ ನಡುಗಿನ ತನಕ ಒಂದs ಎಳಿ ಹಿಡದು ನೀವು ಹೇಳಿದ್ದು ಓದಿ ನಾನು ಹಳೇ ಚೀಟಿ ಎಲ್ಲಾ ತೆಗದು ತಾರೀಖಿನ ಪ್ರಕಾರ ಹಚ್ಚಿದೆ. ನೀವಂದಂಗ ಐತ್ರಿ. ಆಮ್ಲೋಡಿಪಿನ್ ಮೊದಲು, ಬಾವು ಆಮ್ಯಾಲೆ, ಉಚ್ಚಿ ಗುಳಿಗಿ, ಆಮ್ಯಾಲೆ ಚಕ್ಕರಿಂದು. ಗ್ಯಾಸಿನ ಕ್ಯಾಪ್ಸೂಲ್ ಮಾತ್ರ ಯಾವ ಚೀಟಿಯೊಳಗೂ ಸಿಗವಲ್ದು, ಯಾರು ಶುರು ಮಾಡಿದ್ರು ಅಂತ ಅವ್ವಗೂ ನೆನಪಿಲ್ಲ. ಹಾರ್ಟ್ ಡಾಕ್ಟರ್ ಕಂಪೌಂಡರಿಗೆ ಫೋನ್ ಮಾಡಿ ಡಬಲ್ ಆಮ್ಲೋಡಿಪಿನ್ ಕೇಳಿದ್ವಿ, ಡಾಕ್ಟರ್ ಬಿಡಿ ಪಟ್ಟಿ ನಿಲ್ಲಸ್ರಿ ಕೂಡಿದ್ದು ಅಷ್ಟ ಇರ್ಲಿ ಅಂದಾರ. ತಮ್ಮ ಈಗ ನೋಡು ನಾ ಹೇಳಿದ್ದೆ ಅಂತ ಕುಣ್ಯಾಕತ್ತಾನ, ಸ್ಟೆಂಟಿನ ಗುಳಿಗಿನೂ ಮೂರು ವರ್ಷ ಆತು ಸಾಕು ಬಿಡ್ರಿ ಅಂತಾನ. ಅವಂಗ ಏನ್ ಹೇಳ್ಲಿ?

ಗದಗ_ಫಿಸಿಶಿಯನ್:
ನಾನು ಗದಗಿನ್ಯಾಗ ಮೆಡಿಸಿನ್ ಪ್ರ್ಯಾಕ್ಟೀಸ್ ಮಾಡ್ತೀನಿ. ತಮ್ಮಗ ಹೇಳ್ರಿ, ತಾನಾಗಿ ಬಿಟ್ರ ಜೀವಕ್ಕ ಕುತ್ತು ತರೋ ಗುಳಿಗಿ ಈ ಲಿಸ್ಟಿನ್ಯಾಗ ಅದಾವ ಅಂತ. ಸ್ಟೆಂಟ್ ಆದಮ್ಯಾಲೆ ಆಸ್ಪಿರಿನ್ ಕ್ಲೊಪಿಡೊಗ್ರೆಲ್ ಎರಡೂ ಸಾಮಾನ್ಯವಾಗಿ 6ರಿಂದ 12 ತಿಂಗಳು, ಆಮ್ಯಾಲೆ ಭಾಳ ಮಂದಿಗೆ ಒಂದs ಸಾಕಾಗತೈತಿ, ಹಂಗಾಗಿ ಮೂರು ವರ್ಷ ಆದಮ್ಯಾಲೆ ಎರಡೂ ಬೇಕೇನು ಅನ್ನೋ ಪ್ರಶ್ನೆ ಸರಿಯಾದದ್ದs, ಆದ್ರ ಉತ್ತರ ಕೊಡೋದು ಸ್ಟೆಂಟ್ ಹಾಕಿದ ಡಾಕ್ಟರ್. ಯಾವ ಸ್ಟೆಂಟ್, ಎಲ್ಲಿ, ಎಷ್ಟು ಅನ್ನೋದರ ಮ್ಯಾಲೆ ಐತಿ ಅದು. ಮೆಟೊಪ್ರೊಲಾಲ್ ಒಮ್ಮೆಲೆ ಬಿಟ್ರ ಎದಿನೋವು, ಹಾರ್ಟ್ ಅಟ್ಯಾಕ್ ತನಕ ಹೋಗಬಹುದು. ಕ್ಲೊನಾಜೆಪಾಮ್ ಒಮ್ಮೆಲೆ ಬಿಟ್ರ ನಿದ್ದಿ ಪೂರ್ತಿ ಹೋಗಿ ಚಡಪಡಿಕಿ, ಕೆಲವರಿಗೆ ಫಿಟ್ಸ್. ಅದನ್ನ ವಾರಗಟ್ಲೆ ಸ್ವಲ್ಪ ಸ್ವಲ್ಪ ಇಳಸಬೇಕು. ಆ್ಯಸಿಡ್ ಗುಳಿಗಿನೂ ಎರಡು ರಕ್ತ ತೆಳು ಮಾಡೋವು ಇರೋತನ ಹೊಟ್ಟಿ ಕಾಯಾಕ ಬೇಕು, ತೆಗಿಯೋದಿದ್ರ ಅದರಾಗಿನ ಲೆವೊಸಲ್ಪಿರೈಡ್ ಅಷ್ಟ, ಅಂದ್ರ ಬರೇ ರಾಬೆಪ್ರಜೋಲ್ ಇಲ್ಲಾ ಪ್ಯಾಂಟೊಪ್ರಜೋಲ್‌ಗೆ ಬದಲಾಯಿಸೋದು.

ಯಾರ ಕಡೆ ಹೋಗಬೇಕು ಅಂದ್ರಿ. ಒಬ್ಬ ಜನರಲ್ ಮೆಡಿಸಿನ್ ಎಂಡಿ ಹಿಡೀರಿ, ಅವರನ್ನs ಮುಖ್ಯ ಡಾಕ್ಟರ್ ಮಾಡ್ಕೋರಿ, ಉಳದ ಸ್ಪೆಷಲಿಸ್ಟ್‌ಗಳು ಏನ್ ಬರದ್ರೂ ಅವರ ಕಣ್ಣಿಗೆ ಬೀಳಬೇಕು. ಖರ್ಚಿನ ಮಾತಿದ್ರ ಸರ್ಕಾರಿ ಮೆಡಿಕಲ್ ಕಾಲೇಜ್ ದವಾಖಾನಿ, ಗದಗ ಜಿಮ್ಸ್ ಇಲ್ಲಾ ಹುಬ್ಬಳ್ಳಿ ಕಿಮ್ಸ್ (ಈಗ ಕೆಎಂಸಿಆರ್‌ಐ ಅಂತಾರ) ಮೆಡಿಸಿನ್ ಒಪಿಡಿ. ಹಿರಿಯ ನಾಗರಿಕರಿಗಂತ ಕೇಂದ್ರ ಸರ್ಕಾರದ ಎನ್‌ಪಿಎಚ್‌ಸಿಇ ಕಾರ್ಯಕ್ರಮ 2010ರಿಂದ ಐತಿ, ಜಿಲ್ಲಾ ಆಸ್ಪತ್ರೆಯೊಳಗ ಹಿರಿಯರ ಕ್ಲಿನಿಕ್ ಯಾವ ದಿನ ಅಂತ ಕೌಂಟರಿನ್ಯಾಗ ಕೇಳ್ರಿ, ಗದ್ದಲ ಕಡಿಮಿ ಇರೋ ದಿನ ಬರ್ರಿ. ನಮ್ಮ ಒಪಿಡಿಯೊಳಗ ಒಬ್ಬ ಪೇಶಂಟಿಗೆ ಸಿಗೋ ಹೊತ್ತಿನ್ಯಾಗ ಹದಿಮೂರು ಗುಳಿಗಿ ಬಿಚ್ಚಿ ನೋಡಾಕ ಖರೇನs ಆಗೂದಿಲ್ಲ, ನಾನೂ ಅದನ್ನ ಮುಚ್ಚಿಟ್ಟು ಮಾತಾಡೂದಿಲ್ಲ, ಅದಕ ಬಂದ ಕೂಡ್ಲೆ "ಇವತ್ತು ಬ್ಯಾರೆ ತ್ರಾಸಿಗೆ ಬಂದಿಲ್ಲ, ಗುಳಿಗಿ ರಿವ್ಯೂ ಮಾಡಸಾಕ ಬಂದೀವಿ" ಅಂತ ಮೊದಲs ಹೇಳ್ರಿ. ಒಂದು ಹಾಳಿಮ್ಯಾಲೆ ಗುಳಿಗಿ, ಯಾತಕ್ಕ, ಯಾರು ಬರದ್ರು, ಯಾವಾಗಿಂದ, ಇಷ್ಟು ಬರಕೊಂಡು ಬಂದ್ರ ನಮ್ಮ ಅರ್ಧ ಕೆಲಸ ಮುಗೀತು. ಯಾತಕ್ಕ ಅನ್ನೋದರ ಮುಂದ ಖಾಲಿ ಉಳದದ್ದರ ಮ್ಯಾಲೆ ಮೊದಲು ಕಣ್ಣು ಹೋಗತೈತಿ.

ಬಿಪಿ ಮಕ್ಕೊಂಡಾಗ ಒಮ್ಮೆ, ಎದ್ದು ನಿಂತು ಒಂದು ನಿಮಿಷಕ್ಕ, ಮತ್ತ ಮೂರು ನಿಮಿಷಕ್ಕ ನೋಡಸ್ರಿ. ಮ್ಯಾಲಿನ ನಂಬರ್ 20 ಇಲ್ಲಾ ಕೆಳಗಿಂದು 10 ಇಳದ್ರ ಚಕ್ಕರಿನ ಉತ್ತರ ಅಲ್ಲೇ ಸಿಕ್ಕಂಗ. ಮತ್ತ ಡಾಕ್ಟರ್ ಒಂದೊಂದs ಬದಲಾಯಿಸಿ ಎರಡು ಮೂರು ವಾರ ಬಿಟ್ಟು ಬರ್ರಿ ಅಂದ್ರ ಬ್ಯಾಸರ ಮಾಡ್ಕೋಬ್ಯಾಡ್ರಿ, ಒಮ್ಮೆಲೆ ನಾಕು ಬಿಡಿಸಿದ್ರ ಯಾವುದರಿಂದ ಚೊಲೋ ಆತು ಯಾವುದರಿಂದ ಕೆಟ್ಟತು ನಮಗೂ ತಿಳಿಯೂದಿಲ್ಲ. ಮುಖ್ಯ ಇನ್ನೊಂದು, ರಕ್ತ ತೆಳು ಮಾಡೋ ಗುಳಿಗಿ ಮ್ಯಾಲೆ ಇರೋವರು ಬಿದ್ದು ತಲಿಗೆ ಪೆಟ್ಟಾದ್ರ, ಆಮ್ಯಾಲೆ ತಲಿನೋವು, ವಾಂತಿ, ಮಂಪರು, ಮಾತು ತೊದಲೋದು ಏನರ ಕಂಡ್ರ, ಬಿದ್ದು ವಾರಗಟ್ಲೆ ಆಗಿದ್ರೂ ಸೈತ, ಕೂಡ್ಲೆ ದವಾಖಾನಿಗೆ ಒಯ್ಯಿರಿ.

ಲಕ್ಷ್ಮೇಶ್ವರ_ಮೇಷ್ಟ್ರು:
ಡಾಕ್ಟರ್ ಹೇಳಿದ್ದಕ್ಕ ಮನಿ ಕೆಲಸದ್ದೊಂದು ಸೇರಸ್ತೀನಿ. ಪಟ್ಟಿ ಕತ್ತರಿಸಿ ಡಬ್ಬಿಯೊಳಗ ಹಾಕೋವಾಗ ಹೆಸರು, ಎಕ್ಸ್‌ಪೈರಿ ಇರೋ ತುದಿ ಒಗೀಬ್ಯಾಡ್ರಿ, ನಮ್ಮ ಅವ್ವನ ಡಬ್ಬಿಯೊಳಗ ಹೆಸರಿಲ್ಲದ ಬಿಳಿ ಗುಳಿಗಿ ಐದಾರು ನಮೂನಿ ಇದ್ದವು, ಅವು ಯಾವ ಬ್ಯಾನಿಗೆ ಅಂತ ಮೆಡಿಕಲ್ ಅಂಗಡಿಯವನಿಗೂ ಹೇಳಾಕ ಆಗ್ಲಿಲ್ಲ. ಮುಂಜಾನೆ ಮಧ್ಯಾಹ್ನ ಸಂಜಿ ರಾತ್ರಿ ಖಾನೆ ಇರೋ ಏಳು ದಿನದ ಡಬ್ಬಿ ಸಿಗತೈತಿ, ರವಿವಾರಕ್ಕೊಮ್ಮೆ ಒಬ್ಬರs ತುಂಬಬೇಕು, ಇಬ್ಬರು ಕೈ ಹಾಕಿದ್ರ ಮತ್ತ ಡಬಲ್. ಬಿಡಿಸಿದ ಗುಳಿಗಿ ಮನ್ಯಾಗ ಇಟ್ಕೋಬ್ಯಾಡ್ರಿ, ರೊಕ್ಕ ಕೊಟ್ಟದ್ದು ಅಂತ ಹಿರಿಯರು ಮತ್ತ ತಿಂತಾರ. ಹಳೇ ಚೀಟಿ ಮ್ಯಾಲೆ ಅಡ್ಡ ಗೆರಿ ಎಳದು ಬಂದ್ ಅಂತ ಬರೀರಿ, ಇಲ್ಲಂದ್ರ ಅದನ್ನs ಹಿಡಕೊಂಡು ಅಂಗಡಿಗೆ ಹೋಗ್ತಾರ.

ನವನಗರ_ಮಗಳು:
ಬಿಪಿ ನಿಂತು ನೋಡೋದು ಇವತ್ತು ಅವ್ವನ ಕಡೆ ಮಾಡಿಸಿದೆ, ಮನ್ಯಾಗಿನ ಮಷೀನಿನ್ಯಾಗ. ಮಕ್ಕೊಂಡಾಗ 138, ನಿಂತಮ್ಯಾಲೆ 108. ಮಷೀನ್ ಸರಿ ಇಲ್ಲೇನೋ ಅಂತ ಮತ್ತೊಮ್ಮೆ ಮಾಡಿದ್ರ ಹಂಗ ಬಂತು. ಸೋಮವಾರ ಜಿಮ್ಸ್‌ಗೆ ಒಯ್ಯತೀವ್ರಿ, ತಮ್ಮನs ರಜಾ ಹಾಕಿ ಕರಕೊಂಡು ಹೊಂಟಾನ, ಹಾಳಿ ನಾನು ಬರದು ಕಳಿಸೀನಿ. ಯಾತಕ್ಕ ಅನ್ನೋದರ ಮುಂದ ಮೂರು ಖಾಲಿ ಉಳದಾವ.

ಸಾಧನಕೇರಿ_ಫಾರ್ಮಡಿ:
30 ಇಳಿಯೋದು ಭಾಳ ಆತು. ಸೋಮವಾರ ತನಕ ಹಾಸಿಗಿಯಿಂದ ಏಳೋವಾಗ ಮೊದಲು ಕುಂತು ಕಾಲು ಅಲ್ಲಾಡಿಸಿ ಆಮ್ಯಾಲೆ ಏಳಾಕ ಹೇಳ್ರಿ, ರಾತ್ರಿ ಹಾಸಿಗಿ ಬಾಜೂ ಉಚ್ಚಿ ಬಾಟ್ಲಿ ಇಡ್ರಿ, ಬಚ್ಚಲ ಲೈಟ್ ಹಚ್ಚೇ ಇರ್ಲಿ. ಚಕ್ಕರ್ ಹೆಚ್ಚಾದ್ರ ಇಲ್ಲಾ ಕಣ್ಣಿಗೆ ಕತ್ತಲಿ ಬಂದು ಕುಸದ್ರ ಸೋಮವಾರ ಕಾಯಬ್ಯಾಡ್ರಿ. ಅಂದಂಗ ಅಪ್ಪಾರು ಸೋಮವಾರ ಒಪ್ಪತ್ತು ಮಾಡ್ತಾರೇನು?

ನವನಗರ_ಮಗಳು:
ಹೌದ್ರಿ, ಮೊದಲಿಂದಾನೂ ಮಾಡ್ತಾರ, ಸಂಜಿಮುಂದ ಪೂಜಿ ಆದಮ್ಯಾಲೆನs ಊಟ. ಗುಳಿಗಿ ಮಾತ್ರ ಮುಂಜಾನೆ ತಪ್ಪಸೂದಿಲ್ಲ.

ಸಾಧನಕೇರಿ_ಫಾರ್ಮಡಿ:
ಅದs ಭಯ. ಖಾಲಿ ಹೊಟ್ಟಿಗೆ ಗ್ಲಿಮೆಪಿರೈಡ್ ಹೋದ್ರ ಮಧ್ಯಾಹ್ನದೊಳಗ ಶುಗರ್ ಲೋ. ಈ ಸೋಮವಾರ ಒಪ್ಪತ್ತು ಬಿಡಾಕ ಹೇಳ್ರಿ, ನಾಷ್ಟಾ ಮಾಡಿಸೇ ಕರಕೊಂಡು ಹೋಗ್ರಿ, ಮುಂದಿಂದು ಡಾಕ್ಟರನ್ನ ಕೇಳಿ ಮಾಡಿದ್ರಾತು. ತಮ್ಮನ ಕಿಸೆದಾಗ ಒಂದಿಷ್ಟು ಸಕ್ಕರಿ ಇಲ್ಲಾ ಗ್ಲುಕೋಸ್ ಪುಡಿ ಇರ್ಲಿ, ಒಪಿಡಿಯೊಳಗ ಪಾಳಿ ಬರೋತನ ಹೊತ್ತಾಗತೈತಿ.